ಬರೆಯದೆ ಬಿಟ್ಟ ಚೀಟಿ

ಆಕೆ ಚಪ್ಪಲಿ ಹೊರಗೆ ಬಿಟ್ಟು ಕಚೇರಿಯೊಳಕ್ಕೆ ಬಂದಾಗ ಆಕೆಯ ವಿಷಯದ ಪತ್ರವೇ ನನ್ನ ಮೇಜಿನ ಮೇಲಿತ್ತು. ಬೆಳಗಿನ ಅಂಚೆಯಲ್ಲಿ ಬಂದದ್ದು. ಆಕೆಗೆ ಕಾಣದ ಹಾಗೆ ಅದರ ಮೇಲೊಂದು ಕಡತ ಎಳೆದುಕೊಂಡೆ. ಯಾಕೆ ಹಾಗೆ ಮಾಡಿದೆನೋ ಈಗಲೂ ಹೇಳಲಾರೆ.

ನಮ್ಮದು ಸಣ್ಣ ಸಂಘ. ಮೈಸೂರು ಮತ್ತು ಅಕ್ಕಪಕ್ಕದ ಜಿಲ್ಲೆಗಳಲ್ಲಿರುವ ಚಿಕ್ಕಪುಟ್ಟ ಮ್ಯೂಸಿಯಮ್ಮುಗಳೂ ಅದರ ಸದಸ್ಯರೇ, ಅಲ್ಲಿ ಕೆಲಸ ಮಾಡುವವರೂ ಸದಸ್ಯರೇ. ಚಾಮರಾಜಪುರಂನಲ್ಲಿ ಒಂದು ಹಳೇ ಮನೆಯ ಮುಂದಿನ ಕೋಣೆ ನಮ್ಮ ಕಚೇರಿ. ಮೂವತ್ತು ವರ್ಷ ಸರ್ಕಾರಿ ಮ್ಯೂಸಿಯಂನಲ್ಲಿ ದುಡಿದು ನಿವೃತ್ತಳಾದ ಮೇಲೆ ಸುಮ್ಮನೆ ಕೂರಲಾರದೆ ನಾನು ಅದರ ಕಾರ್ಯದರ್ಶಿಯಾಗಿದ್ದೆ. ಊರೂರಿಗೆ ಹೋಗಿ, ವಸ್ತುಗಳನ್ನು ಹೇಗೆ ಒರೆಸಬೇಕು, ಹೇಗೆ ಸುತ್ತಿಡಬೇಕು, ಹೇಗೆ ದಾಖಲೆ ಬರೆಯಬೇಕು ಎಂದು ಹೇಳಿಕೊಡುವುದು ನನ್ನ ಕೆಲಸ. ತರಬೇತಿಯ ಕೊನೆಗೆ ತಪ್ಪದೆ ಒಂದು ಮಾತು ಹೇಳುತ್ತಿದ್ದೆ: "ಏನೇ ತೊಂದರೆ ಬಂದರೂ ನಿಮ್ಮ ಹಿಂದೆ ಸಂಘ ಇದೆ."

"ನನ್ನ ಗುರ್ತು ಸಿಕ್ತಾ ಮೇಡಮ್?" ಎಂದರು ಆಕೆ, ನಿಂತೇ. "ನಾಕು ತಿಂಗಳ ಹಿಂದೆ ಟ್ರೇನಿಂಗ್ ಮಾಡೋಕೆ ನಮ್ಮ ಮ್ಯೂಸಿಯಮ್ಮಿಗೆ ಬಂದಿದ್ರಲ್ಲ, ಅವತ್ತು ಕುರ್ಚಿ ಹಾಕಿದ್ದು ನಾನೇ."

ಗುರುತು ಸಿಕ್ಕಿತ್ತು. ಟ್ರಸ್ಟೊಂದು ನಡೆಸುವ, ಹಳೆಯ ಮನೆಬಳಕೆಯ ಸಾಮಾನುಗಳ ಪುಟ್ಟ ಮ್ಯೂಸಿಯಂ ಅದು. ಬೀಗ ತೆಗೆಯುವುದು, ಗಾಜು ಒರೆಸುವುದು, ಬಂದವರ ಮೇಲೆ ಕಣ್ಣಿಡುವುದು ಎಲ್ಲ ಆಕೆಯದೇ. ಹೂಟಗಳ್ಳಿಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದರು.

"ಗಿಣಿ ಅಡಕತ್ತರಿ ಕಾಣ್ತಿಲ್ವಂತೆ. ವರ್ಷದ ಲೆಕ್ಕ ನೋಡ್ವಾಗ ಗೊತ್ತಾಯ್ತಂತೆ. ಜಾಗ ಖಾಲಿ ಅದೆ ಅಂತ ನಾನೇ ಮುಂಚೆ ತಿಳ್ಸಿದ್ದೆ, ಯಾರೂ ಕಿವಿಗೆ ಆಕ್ಕೊಳ್ಲಿಲ್ಲ. ಬೀಗದ ಕೈ ನನ್ನತ್ರ ಇರ್ತದಲ್ಲ, ಅದ್ಕೇ ನಾನೇ ಎತ್ಕೊಂಡಿದ್ದೀನಿ ಅಂತಾರೆ. ಬಾಯ್ಬಿಟ್ಟು ಕಳ್ಳಿ ಅನ್ನಲಿಲ್ಲ. ನಾಳೆಯಿಂದ ಬರ್ಬೇಡಿ ಅಂದ್ಬುಟ್ರು. ಎಂಟು ವರ್ಷ ಕಣಮ್ಮ! ಒಂದು ಗುಂಡುಸೂಜಿ ಮುಟ್ಟಿಲ್ಲ ನಾನು."

"ಕೂತ್ಕೊಳ್ಳಿ, ನೀರು ಕುಡೀರಿ."

"ಕೂರಾಕೆ ಬಂದಿಲ್ಲ. ಸಂಘ ಅದೆ ಅಂದಿದ್ರಲ್ಲ ನೀವು. ಅದ್ಕೇ ಬಂದೆ."

ಪರಿಶೀಲಿಸುತ್ತೇವೆ ಎಂದೆ. ಸಮಿತಿಯ ಮುಂದಿಡುತ್ತೇವೆ ಎಂದೆ. ಮೂವತ್ತು ವರ್ಷ ಕಚೇರಿಯಲ್ಲಿ ಕಲಿತ ಮಾತುಗಳು ತಾವಾಗೇ ಬಂದವು. ಆಕೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಆಯ್ತು ಬುಡಿ" ಎಂದು ಹೊರಟುಹೋದರು. ಕಡತದ ಕೆಳಗಿದ್ದ ಪತ್ರದಲ್ಲಿ ಮ್ಯೂಸಿಯಂನ ಮೇಲ್ವಿಚಾರಕರು ಕೇಳಿದ್ದು ಒಂದೇ ಪ್ರಶ್ನೆ: ಇಂಥ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಲು ಸಂಘ ಯಾವ ಕ್ರಮ ಸೂಚಿಸುತ್ತದೆ?

ಅಂದಿನಿಂದ ನನಗೆ ಒಂದು ಕಡೆ ಕೂರಲಾಗಲಿಲ್ಲ. ಪತ್ರಕ್ಕೆ ಉತ್ತರ ಬರೆಯಲು ಕೂತರೆ ಎರಡು ಸಾಲಿಗೆ ಏಳುತ್ತಿದ್ದೆ. ಒಲೆಯ ಮೇಲಿಟ್ಟ ಹಾಲು ಮರೆತು ಉಕ್ಕಿಸಿದೆ. ಸಿದ್ಧಾರ್ಥನಗರದ ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ದಿನಾ ನಾಲ್ಕು ಸುತ್ತು ಹಾಕುವವಳು ಏಳು ಸುತ್ತು ಹಾಕಿದರೂ ಕಾಲು ನಿಲ್ಲುತ್ತಿರಲಿಲ್ಲ. ಆಕೆಗೆ ಅನ್ಯಾಯವಾಗಿದೆ, ಅದಕ್ಕೇ ಈ ಸಂಕಟ ಎಂದುಕೊಂಡಿದ್ದೆ. ಆದರೆ ಅದಷ್ಟೇ ಆಗಿರಲಿಲ್ಲ. ಗಿಣಿ ಅಡಕತ್ತರಿ ಎಂದು ಆಕೆ ಅಂದಾಗ ಅದರ ತೂಕ ನನ್ನ ಅಂಗೈಗೆ ಗೊತ್ತಾಗಿತ್ತು. ಗಾಜಿನೊಳಗಿನ ವಸ್ತುವಿನ ತೂಕ ನನಗೆ ಹೇಗೆ ಗೊತ್ತು?

ಐದನೆಯ ದಿನ ಅದು ಬಯಲಾಯಿತು. ಹಬ್ಬಕ್ಕೆ ತೆಗೆದಿದ್ದ ಬೆಳ್ಳಿ ದೀಪಗಳನ್ನು ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಡುತ್ತಿದ್ದೆ. ಮೂಲೆಗಳನ್ನು ಒಳಕ್ಕೆ ಮಡಚಿ, ದಾರ ಕಟ್ಟದೆ, ಬಟ್ಟೆಯ ತುದಿಯನ್ನೇ ಸಿಕ್ಕಿಸುವ ರೀತಿ. ಕೈ ಅರ್ಧದಲ್ಲೇ ನಿಂತಿತು. ಅವತ್ತು ಆಕೆಯ ಮ್ಯೂಸಿಯಂನ ತರಬೇತಿಯಲ್ಲಿ ಇದನ್ನೇ ತೋರಿಸಿದ್ದೆ. ತೋರಿಸಲು ಏನಾದರೂ ಬೇಕಿತ್ತು. ಗಾಜಿನ ಪೆಟ್ಟಿಗೆ ತೆಗೆಸಿ, ನಾನೇ ಕೈಹಾಕಿ, ಗಿಣಿಯ ಆಕಾರದ ಆ ಹಿತ್ತಾಳೆ ಅಡಕತ್ತರಿಯನ್ನು ಎತ್ತಿಕೊಂಡಿದ್ದೆ. ಸುತ್ತಿ ರಟ್ಟಿನ ಡಬ್ಬಿಯಲ್ಲಿಟ್ಟೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಡಬ್ಬಿಯನ್ನು ಉಗ್ರಾಣದ ಕೆಳಗಿನ ಹಲಗೆಯ ಮೇಲೆ, ಹಳೇ ಸೀರೆಗಳ ಪಕ್ಕದಲ್ಲಿ ಇಟ್ಟು ಕೈ ತೊಳೆಯಲು ಹೋದೆ.

ಅದೇ ಬೆಳಿಗ್ಗೆ ಒಂದು ಗಂಟೆ ಕಾಲ ನಾನು ಪಾಠ ಮಾಡಿದ್ದು, ಯಾವ ವಸ್ತುವನ್ನೂ ಚೀಟಿ ಬರೆಯದೆ ಜಾಗದಿಂದ ಕದಲಿಸಬಾರದು ಎಂದು.

ಸೀರೆ ಬದಲಿಸುವ ವ್ಯವಧಾನವೂ ಇರಲಿಲ್ಲ. ಮ್ಯೂಸಿಯಂಗೆ ಆಟೋ ಹಿಡಿದೆ. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೆಲ್ಲ ಇಳಿದು ನಡೆಯೋಣ ಎನ್ನಿಸುತ್ತಿತ್ತು. ಮೇಲ್ವಿಚಾರಕರು ಉಗ್ರಾಣದ ದೀಪ ಹಾಕಿದರು. ಡಬ್ಬಿ ನಾನು ಇಟ್ಟಲ್ಲೇ ಇತ್ತು, ಅದರ ಮೇಲೆ ಯಾರೋ ಎರಡು ಸೀರೆ ಪೇರಿಸಿದ್ದರು. ಬಟ್ಟೆ ಬಿಚ್ಚಿದರೆ ಗಿಣಿ ಮಲಗಿತ್ತು.

"ಅಯ್ಯೋ, ಸದ್ಯ ಸಿಕ್ತಲ್ಲ ಮೇಡಮ್!" ಎಂದರು ಅವರು. ಆಮೇಲೆ ಏನೋ ನೆನಪಾಗಿ ಮುಖ ಸಣ್ಣದಾಯಿತು. "ತರಬೇತಿ ದಿನ ಸಾಯಂಕಾಲಾನೇ ಆಯಮ್ಮ ಬಂದು, ಪೆಟ್ಟಿಗೆ ಒಳಗೆ ಒಂದು ಜಾಗ ಖಾಲಿ ಇದೆ ಸಾರ್ ಅಂದಿದ್ಲು. ಸಂಘದೋರು ಎಲ್ಲೋ ಇಟ್ಟಿರ್ತಾರೆ ಬಿಡು ಅಂದಿದ್ದೆ. ಮರೆತೇಹೋಗಿತ್ತು."

ಅವರು ಸೀರೆಗಳನ್ನು ಮತ್ತೆ ಮಡಚಿ ಹಲಗೆಯ ಮೇಲಿಟ್ಟರು.

"ಆಯಮ್ಮಂಗೆ ಫೋನ್ ಮಾಡಿ ಕೆಲಸಕ್ಕೆ ಬರೋಕೆ ಹೇಳ್ತೀನಿ. ಇಷ್ಟಕ್ಕೇ ಮುಗಿಸೋಣ ಕಣ್ರೀ," ಎಂದರು. ನಮ್ಮ ಅಧ್ಯಕ್ಷರು, ನಿವೃತ್ತ ಪ್ರಾಧ್ಯಾಪಕರು, ಅವರೂ ಸಂಜೆ ಅದನ್ನೇ ಹೇಳಿದರು. "ಕಣ್ತಪ್ಪಿನಿಂದ ಸ್ಥಳಾಂತರಗೊಂಡಿತ್ತು ಅಂತ ಒಂದು ಸಾಲು ಬರೀರಿ. ಯಾರು ಅನ್ನೋದು ಯಾಕೆ? ನಾಳೆ ನಮ್ಮನ್ನ ತರಬೇತಿಗೆ ಯಾರು ಕರೀತಾರೆ?"

ಸುಳ್ಳು ಹೇಳುವುದಿಲ್ಲ, ಆ ಸಾಲು ನನಗೆ ಹಿತವಾಗಿಯೇ ಕಂಡಿತು. ಬರೆದೂ ಬರೆದೆ. ಮರುದಿನ ಅದನ್ನು ಚೀಲದಲ್ಲಿಟ್ಟುಕೊಂಡು ಹೂಟಗಳ್ಳಿಗೆ ಹೋದೆ.

ಫ್ಯಾಕ್ಟರಿಗಳ ಹಿಂದಿನ ಹೊಸ ಬಡಾವಣೆಯಲ್ಲಿ, ಮಹಡಿಯ ಮೇಲೆ ಎರಡು ಕೋಣೆಯ ಮನೆ. ಆಕೆ ಅಕ್ಕಿ ಆರಿಸುತ್ತಿದ್ದರು. ನನ್ನನ್ನು ಕಂಡು ಎದ್ದು, ಮೊರವನ್ನು ಪಕ್ಕಕ್ಕಿಟ್ಟು ಚಾಪೆ ಹಾಸಿದರು.

"ಸಿಕ್ತು," ಎಂದೆ. "ತಪ್ಪು ನಂದು. ನಾನೇ ಎತ್ತಿ ಇಟ್ಟು ಮರೆತಿದ್ದೆ."

ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಆಕೆ ಕೇಳಿದ್ದು ಬೇರೆ. "ಅದನ್ನ ಬರ್ಕೊಟ್ಟಿದ್ದೀರಾ?"

ಚೀಲದಿಂದ ಕಾಗದ ತೆಗೆದು ಕೊಟ್ಟೆ. ಬೆರಳಿಟ್ಟುಕೊಂಡು ನಿಧಾನವಾಗಿ ಓದಿದರು.

"ಇದ್ರಲ್ಲಿ ನಿಮ್ಮ ಎಸ್ರು ಎಲ್ಲದೆ ಮೇಡಮ್?"

ಕಾಗದ ವಾಪಸು ತೆಗೆದುಕೊಂಡು ಮಡಚಿ ಚೀಲಕ್ಕೆ ಹಾಕಿದೆ.

"ಒಂದು ವಾರದಿಂದ ನಮ್ಮ ಬೀದೀಲಿ ನನ್ನ ಎಸ್ರು ಅದೆ. ಮನೆಯವ್ರ ಫ್ಯಾಕ್ಟ್ರೀಲೂ ಅದೆ. ನಿಮ್ದೂ ಒಂದ್ಸಲ ಇರ್ಲಿ. ಎಲ್ಲಾರ ಮುಂದೆ ಓದ್ಬುಡಿ, ಆಮೇಲೆ ಕೆಲಸಕ್ಕೆ ಬರ್ತೀನಿ. ಇಲ್ದಿದ್ರೆ ಬ್ಯಾಡ. ಇಲ್ಲೇ ಗಾರ್ಮೆಂಟ್ಸ್ನಲ್ಲಿ ಕರೀತಾವ್ರೆ."

ಕಾಫಿ ಕೊಟ್ಟರು. ನಾನು ಕುಡಿದು ಮುಗಿಸುವವರೆಗೂ ಆಕೆ ಮತ್ತೆ ಅಕ್ಕಿ ಆರಿಸುತ್ತಲೇ ಇದ್ದರು.

ಅಧ್ಯಕ್ಷರಿಗೆ ಫೋನಿನಲ್ಲೇ ತಿಳಿಸಿದೆ, ಒಪ್ಪಿಗೆ ಕೇಳಲಿಲ್ಲ. ಪತ್ರವನ್ನು ಹೊಸದಾಗಿ ಬರೆದೆ. ನನ್ನ ಹೆಸರು, ಆಕೆ ಅವತ್ತೇ ತಿಳಿಸಿದ್ದು, ಯಾರೂ ಕಿವಿಗೊಡದೆ ಇದ್ದದ್ದು, ಎಲ್ಲವನ್ನೂ. ಸೋಮವಾರ ಬೆಳಿಗ್ಗೆ ಮ್ಯೂಸಿಯಂನ ಮುಂದಿನ ಹಜಾರದಲ್ಲಿ ಟ್ರಸ್ಟಿನ ಇಬ್ಬರು, ಮೇಲ್ವಿಚಾರಕರು, ತೋಟದ ಕೆಲಸದವರು, ಟಿಕೆಟ್ ಕೊಡುವ ಹುಡುಗಿ ಸೇರಿದ್ದರು. ಆಕೆ ಗಂಡನನ್ನೂ ಕರೆತಂದಿದ್ದರು. ಜೀವಮಾನವಿಡೀ ಮೈಕು ಹಿಡಿದು ಮಾತಾಡಿದವಳಿಗೆ ಒಂದು ಪುಟ ಓದುವಷ್ಟರಲ್ಲಿ ಮೂರು ಸಲ ಸಾಲು ತಪ್ಪಿತು. ಕೊನೆಗೆ ಮೇಲ್ವಿಚಾರಕರು, ಯಾರೂ ಹೇಳದೆಯೇ, "ನಂದೂ ತಪ್ಪಿದೆ ಕಣಮ್ಮ" ಎಂದರು. ಆಕೆಯ ಗಂಡ ಕಾಗದ ಇಸಿದುಕೊಂಡು, ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಂಡರು. ಆಕೆ ಬೀಗದ ಕೈ ಗೊಂಚಲು ತೆಗೆದುಕೊಂಡು ಗಾಜು ಒರೆಸಲು ಹೋದರು. ನನ್ನ ಕಡೆ ತಿರುಗಿ ನೋಡಲಿಲ್ಲ.

ರಾಜೀನಾಮೆ ಕೊಟ್ಟೆ, ಅಧ್ಯಕ್ಷರು ತೆಗೆದುಕೊಳ್ಳಲಿಲ್ಲ. ಎರಡು ಊರಿನವರು ನಿಗದಿಯಾಗಿದ್ದ ತರಬೇತಿಯನ್ನು ಮುಂದೂಡಿದರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮುಂದಿನ ತರಬೇತಿ ಮೈಸೂರಿನಲ್ಲೇ ಆಯಿತು. ಆಕೆಯೂ ಬಂದಿದ್ದರು, ಎರಡನೇ ಸಾಲಿನಲ್ಲಿ. ಚೀಟಿಯ ನಮೂನೆ ಹಂಚಿದ ಮೇಲೆ ಕೈ ಎತ್ತಿದರು.

"ಸಾಮಾನು ಎತ್ತಿದೋರು ಸೈನ್ ಆಕ್ಬೇಕು ಅಂತ ಅದೆ. ಖಾಲಿ ಜಾಗ ನೋಡ್ದೋರು ತಿಳ್ಸೋಕೆ ಒಂದು ಜಾಗ ಇಲ್ವಲ್ಲ ಮೇಡಮ್ ಇದ್ರಲ್ಲಿ?"

ಕೆಲವರು ನಕ್ಕರು. ನಾನು ಕರಿಹಲಗೆಯ ಮೇಲೆ ಹೊಸದೊಂದು ಕಲಂ ಎಳೆದೆ. ಆ ಕಲಮಿಗೆ ಏನೆಂದು ಹೆಸರಿಡುವುದು ಎಂದು ಆಕೆಯನ್ನೇ ಕೇಳಿದೆ. ಆಕೆ ಯೋಚಿಸತೊಡಗಿದರು. ಸೀಮೆಸುಣ್ಣ ಹಿಡಿದು ನಾನು ಕಾಯುತ್ತಾ ನಿಂತೆ.