ಮನೆ ತೆರಿಗೆಗೊಂದು ಆಕ್ಷೇಪಣೆ

ಗೆಳೆಯರೇ, ನನ್ನ ವಾದವನ್ನೆಲ್ಲ ಇವತ್ತು ನಗರಸಭೆಯವರು ಲಾರಿಯಲ್ಲಿ ತುಂಬಿಕೊಂಡು ಹೋದರು.

ಪರದೇಶದ ಈ ಪುಚೊಂಗ್ ಊರಿನ ನಮ್ಮ ಮನೆಯ ತೆರಿಗೆ ಏರಿಸುತ್ತೇವೆಂದು ನೋಟಿಸ್ ಬಂದಿತ್ತು. ಮನೆಗೆ ಎಷ್ಟು ಬಾಡಿಗೆ ಬಂದೀತು ಎಂದು ಅಂದಾಜು ಮಾಡಿ ಇಲ್ಲಿ ತೆರಿಗೆ ಹಾಕುತ್ತಾರೆ. ಕಳೆದ ವಾರ ವಿಚಾರಣೆಗೆ ಹೋಗಿ, ಹಿತ್ತಲ ಚರಂಡಿ ಕಟ್ಟಿಕೊಂಡಿದೆ, ಅಲ್ಲಿನ ಬೀದಿದೀಪ ಉರಿಯುವುದಿಲ್ಲ, ಇಂಥ ಮನೆಗೆ ಯಾರು ಬಾಡಿಗೆ ಕೊಡುತ್ತಾರೆ ಎಂದು ಜೋರಾಗಿಯೇ ಕೇಳಿದ್ದೆ. ಅಲ್ಲಿದ್ದ ಮಹಿಳಾ ಅಧಿಕಾರಿ ಒಂದನ್ನೂ ಬಿಡದೆ ಬರೆದುಕೊಂಡರು. ಗೆದ್ದೆ ಅಂದುಕೊಂಡು ಬಂದೆ.

ಇವತ್ತು ಬೆಳಿಗ್ಗೆ ಲಾರಿ ಬಂತು. ಮಧ್ಯಾಹ್ನದೊಳಗೆ ಚರಂಡಿಯ ಹೂಳೆಲ್ಲ ಖಾಲಿ, ಕಂಬಕ್ಕೆ ಹೊಸ ದೀಪ. ಜೊತೆಗೆ ಬಂದಿದ್ದ ಅದೇ ಅಧಿಕಾರಿ ಇಲ್ಲಿನವರ ಇಂಗ್ಲಿಷಿನಲ್ಲಿ ನಕ್ಕು ಹೇಳಿದರು: "ಅಂಕಲ್, ಆಲ್ ಸೆಟಲ್ ಆಲ್ರೆಡಿ ಲಾ. ನೌ ಗುಡ್ ರೆಂಟ್ ಕ್ಯಾನ್ ಗೆಟ್!"

ಅವರಿಗೆಲ್ಲ ಟೀ ಕೊಟ್ಟು ಬಂದ ನನ್ನ ಹೆಂಡತಿ ಪಿಸುಗುಟ್ಟಿದಳು: "ಎರಡು ವರ್ಷ ನಾನು ಫೋನ್ ಮಾಡಿದ್ರೂ ಬರದೇ ಇದ್ದೋರು, ನೀವು ಟ್ಯಾಕ್ಸ್ ಜಾಸ್ತಿ ಕೊಡಲ್ಲ ಅಂದ ಕೂಡ್ಲೇ ಓಡಿ ಬಂದ್ರಲ್ರೀ!"

ಈಗ ಹೊಸ ದೀಪದ ಬೆಳಕಲ್ಲಿ ಹಿತ್ತಲಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ವಾಸನೆಯಿಲ್ಲ, ಸೊಳ್ಳೆಯಿಲ್ಲ, ಹಾಯಾಗಿದೆ. ಆದರೂ ಮುಂದಿನ ಸಲ ವಿಚಾರಣೆಗೆ ಹೋದರೆ ಸುಳ್ಳೇ ಹೇಳುತ್ತೇನೆ. ನಿಜ ಹೇಳಿದರೆ ರಿಪೇರಿ ಮಾಡಿಬಿಡುತ್ತಾರೆ.