ಮುನೆಮ್ಮಜ್ಜಿಯ ಬೀಜದ ಗಂಟು

ಮುನೆಮ್ಮಜ್ಜಿ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದುದು ಬಚ್ಚಲ ನೀರು ಹರಿದುಹೋಗುವ ಜಾಗವನ್ನು. ಕೂರಲು ಹೇಳುವಷ್ಟರಲ್ಲಿ ಹಿತ್ತಲಿಗೆ ನಡೆದು, "ನೀರು ಸುಮ್ಕೆ ಓಯ್ತಾ ಅದಲ್ಲವ್ವಾ, ನಾಲ್ಕು ದಂಟಿನ ಪೈರು ಮಡಗೋಕೇನು ದಾಡಿ?" ಎಂದು ಗದರುತ್ತಿದ್ದಳು.

ಬಂಗಾರಪೇಟೆ ಕಡೆಯ ಹಳ್ಳಿಯವಳು. ಮಗ ಉರಿಗಾಂ ಚಿನ್ನದ ಗಣಿಗೆ ಇಳಿಯುತ್ತಿದ್ದ. ಗಣಿ ಕೆಲಸಗಾರರ ಸಾಲುಮನೆಗಳ ನಮ್ಮ ಲೈನಿನಲ್ಲಿ ಕೊನೆಯ ಮನೆ ಅವರದು. ಯುದ್ಧದ ಕಾಲ. ತರಕಾರಿ ಎಂದರೆ ಬಂಗಾರಪೇಟೆಯಿಂದ ರೈಲಿನಲ್ಲಿ ಬಂದದ್ದು. ನಮ್ಮ ಕೈ ಸೇರುವಷ್ಟರಲ್ಲಿ ಬಾಡಿರುತ್ತಿತ್ತು, ಕೆಲವು ವಾರ ಬರುತ್ತಲೇ ಇರಲಿಲ್ಲ. ಅಜ್ಜಿ ಹಿತ್ತಲಲ್ಲಿ ಒಂದು ಮಡಿ ಮಾಡಿ, ಸೊಪ್ಪಿನ ಸಸಿ ಎಬ್ಬಿಸಿ, ಕೇಳಿದವರಿಗೆಲ್ಲ ಪುಕ್ಕಟೆ ಕೊಡುತ್ತಿದ್ದಳು. ಕರಾರು ಒಂದೇ: ಒಂದು ಗಿಡವನ್ನು ಕುಯ್ಯದೆ ಬಲಿಯಲು ಬಿಟ್ಟು, ಅದರ ಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಅವಳಿಗೆ ಮುಟ್ಟಿಸಬೇಕು.

ನಾನಾಗ ಬೆಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದವನು. ರಜೆಯಲ್ಲೂ ಎದುರಾಳಿ ಬೇಕಿತ್ತು.

"ಅಜ್ಜೀ, ಇಷ್ಟು ದೊಡ್ಡ ಊರಿಗೆ ನಿನ್ನ ಒಂದು ಹಿಡಿ ಸೊಪ್ಪು ಯಾವ ಮೂಲೆಗೆ? ಇದು ಸರ್ಕಾರ ಮಾಡಬೇಕಾದ ಕೆಲಸ."

"ಮಾಡ್ಲಿ ಬುಡ್ಲಾ, ನಾನೇನು ಬ್ಯಾಡ ಅಂದ್ನಾ? ಅವ್ರು ಬರೋಗಂಟ ಮುದ್ದೆಗೆ ಏನು ನೆಂಚ್ಕೊಂತೀಯ, ನಿನ್ ಮಾತಾ?"

ನಾನು ಅವಳ ಮಡಿಯಲ್ಲೇ ತಪ್ಪು ಹುಡುಕಿದೆ: ಮಣ್ಣು ಜಿಗುಟು, ನುಣ್ಣನೆಯ ಮರಳು ಬೆರೆಸಬೇಕು. ಅವಳು ಎರಡು ದಿನ ಹಳ್ಳಿಗೆ ಹೋದಾಗ ಸೈನೈಡ್ ದಿಬ್ಬದಿಂದ, ಅಂದರೆ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಪುಡಿಯ ಗುಡ್ಡದಿಂದ, ಎರಡು ಮಂಕರಿ ಹೊತ್ತು ತಂದು ಹರಡಿ ನೀರು ಹಾಕಿದೆ. ಅವಳು ಬರುವಷ್ಟರಲ್ಲಿ ಸಸಿಗಳೆಲ್ಲ ಸುಟ್ಟಂತೆ ಮಲಗಿದ್ದವು. ಕೈಯಲ್ಲಿದ್ದ ಬೀಜವನ್ನೆಲ್ಲ ಅವಳು ಅದೇ ಮಡಿಗೆ ಚೆಲ್ಲಿದ್ದಳು.

ಅಜ್ಜಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಸಸಿ ಎತ್ತಿ ನೋಡಿದಳು. "ಆ ದಿಬ್ಬದ್ ಮ್ಯಾಲೆ ಒಂದು ಉಲ್ ಕಡ್ಡಿ ಕಂಡಿದ್ದೀಯೇನ್ಲಾ? ಅಷ್ಟು ಓದ್ದೋನು, ಅದ್ನ ನೋಡ್ಬಾರ್ದಾ?" ಆಮೇಲೆ ಎದ್ದಳು. "ಆ ಮಣ್ಣೆಲ್ಲ ಅಗ್ದು ಆಚೆಗಾಕು. ಮನೆಮನೆಗೋಗಿ ಬೀಜ ಈಸ್ಕೊಂಬಾ. ಯಾಕೆ ಅಂತ ಕೇಳಿದ್ರೆ ನಿಜ ಏಳು."

ಹೇಳಿದೆ. ಮೊದಲ ಬಾಗಿಲಲ್ಲೇ ತಮಿಳರ ಸೆಲ್ವಿಯಕ್ಕ, "ಅಯ್ಯೋ ತಂಬಿ, ಕೀರೆಸೊಪ್ಪು ಕೊಂದವ ನೀನೇನಾ?" ಎಂದು ಬಿದ್ದು ಬಿದ್ದು ನಕ್ಕು ಗಂಟು ಕೊಟ್ಟಳು. ತನ್ನ ಗಿಡದ ಬೀಜವನ್ನು ಇನ್ನೆರಡು ಮನೆಗೂ ಹಂಚಿದ್ದಳಂತೆ. ಅವರು ಮತ್ತೆ ಬೇರೆಯವರಿಗೆ. ಬಾಗಿಲಿಂದ ಬಾಗಿಲಿಗೆ ದಾಟುತ್ತ ಮಧ್ಯಾಹ್ನಕ್ಕೆ ಮೈಸೂರು ಮೈನ್ಸ್ ಎಂಬ ಇನ್ನೊಂದು ಗಣಿಯ ಲೈನುಗಳನ್ನೇ ತಲುಪಿದ್ದೆ. ಅಜ್ಜಿಯ ಹೆಸರೇ ಕೇಳದವರ ಬಚ್ಚಲ ಹಿಂದೆಯೂ ಅವಳ ದಂಟು ಬೆಳೆದಿತ್ತು.

ಇದನ್ನು ಅವಳಿಗೆ ಹೇಳಿದೆನೇ? ಇಲ್ಲ. "ಸರಿ, ರಾಗಿಗೇನು ಮಾಡ್ತೀಯ?" ಎಂದೆ. ಸೋತ ಚರ್ಚಾಪಟು ವಿಷಯ ಬದಲಿಸುತ್ತಾನೆ. ಅವಳು ನಕ್ಕಳು. ಹೊಸ ಮಡಿ ಎದ್ದಾಗ ಮೊದಲ ಸಸಿಗಳನ್ನು ನನ್ನ ಕೈಗೇ ಹಾಕಿದಳು: "ಒಂದು ಬಲಿಯೋಕೆ ಬುಡು, ಮರೀಬ್ಯಾಡ ಕಣ್ಲಾ."

ಮುಂದಿನ ರಜೆಗೆ ಬಂದಾಗ ನಮ್ಮಮ್ಮ ನನ್ನ ಗಿಡದ ಬೀಜದ ಗಂಟನ್ನು ಕಟ್ಟಿಟ್ಟಿದ್ದಳು. ಸೋತೆ ಎನ್ನುವ ಮಾತನ್ನು ನಾನು ರೈಲಿನಲ್ಲೇ ಸಿದ್ಧಮಾಡಿಕೊಂಡಿದ್ದೆ. ಆದರೆ ಅಜ್ಜಿ ಹಿಂದಿನ ವಾರವಷ್ಟೇ ಹಳ್ಳಿಯಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಮಗ ಗಣಿಯಲ್ಲಿದ್ದ, ಬಾಗಿಲು ಹಾಕಿತ್ತು. ಸುದ್ದಿ ತಿಳಿಯದವರು ಕಟ್ಟಿಹೋದ ನಾಲ್ಕು ಗಂಟುಗಳು ಚಿಲಕದಲ್ಲಿ ತೂಗುತ್ತಿದ್ದವು.

ನನ್ನದನ್ನೂ ಅಲ್ಲೇ ಕಟ್ಟಲು ಹೋದೆ. ಆಮೇಲೆ ಆ ನಾಲ್ಕನ್ನೂ ಬಿಚ್ಚಿಕೊಂಡು, ಅವಳ ಹಿತ್ತಲಿಗೆ, ಬಚ್ಚಲ ನೀರು ಹರಿಯುವ ಕಡೆಗೆ ನಡೆದೆ.