ಏನೂ ಇಲ್ಲದ ಮುಖ

ಕನ್ನಡಕದ ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ಫ್ರೇಮಣ್ಣ ಎಂದೇ. ಹದಿನಾರು ವರ್ಷ ಒಂದೇ ಗಾಜಿನ ಕಪಾಟಿನ ಹಿಂದೆ ನಿಂತವನಿಗೆ ಬೇರೆ ಹೆಸರು ಉಳಿಯುವುದಾದರೂ ಹೇಗೆ? ಗಿರಾಕಿ ಒಳಗೆ ಕಾಲಿಡುವಷ್ಟರಲ್ಲಿ ಅವರ ಮೂಗಿಗೆ ಯಾವ ಅಳತೆ, ಕಿವಿಯ ಹಿಂದೆ ಕಡ್ಡಿ ಎಷ್ಟು ಬಾಗಬೇಕು ಎಂದು ಹೇಳಬಲ್ಲ. ಕೈಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಮಾರಾಟದಲ್ಲಿ ಮಾತ್ರ ಅವನಷ್ಟು ದಡ್ಡ ಇನ್ನೊಬ್ಬನಿಲ್ಲ ಎಂದು ಮಾಲೀಕರು ತಲೆ ತಲೆ ಚಚ್ಚಿಕೊಳ್ಳುತ್ತಿದ್ದರು. ಗಿರಾಕಿ ಫ್ರೇಮ್ ಹಾಕಿಕೊಂಡು ಕನ್ನಡಿ ನೋಡುತ್ತಿದ್ದಂತೆ, ಅವರು ಬಾಯಿ ತೆರೆಯುವ ಮೊದಲೇ ಇವನು ಅದನ್ನು ಮೂಗಿನಿಂದ ಎತ್ತಿಬಿಡುತ್ತಿದ್ದ.

"ಬೇಡ ಬಿಡಿ, ಇದು ನಿಮಗೆ ಹಿಡಿಸ್ಲಿಲ್ಲ. ಬೇರೆ ತೋರಿಸ್ತೀನಿ."

ಹೀಗೆ ಮೂವತ್ತು ಫ್ರೇಮ್ ಮೇಜಿನ ತುಂಬ ಹರಡಿದ ಮೇಲೆ ಗಿರಾಕಿಗೇ ತಲೆ ಕೆಟ್ಟು, ನಾಳೆ ಬರುತ್ತೇನೆಂದು ಎದ್ದು ಹೋಗುತ್ತಿದ್ದರು.

ಮಾಲೀಕರು ಬೈದರೆ ಅವನಿಗೆ ಏನೂ ಅನಿಸುತ್ತಿರಲಿಲ್ಲ. ಆ ಅಭ್ಯಾಸ ಹಳೆಯದು. ಚಿಕ್ಕಂದಿನಲ್ಲಿ ಅಪ್ಪ ಕೂಗಾಡಿದ ದಿನ ಹೊಡೆಯುತ್ತಿರಲಿಲ್ಲ. ಅಪ್ಪ ಮುಖದಲ್ಲಿ ಏನೂ ಇಲ್ಲದೆ ಸುಮ್ಮನೆ ಕೂತ ದಿನವೇ ಬೆಲ್ಟ್ ಬಿಚ್ಚುತ್ತಿದ್ದದ್ದು. ಹುಡುಗ ಒಳಗೊಳಗೇ ಮರಗಟ್ಟಿ ನಿಲ್ಲುವುದನ್ನು ಕಲಿತ. ಅಪ್ಪ ಸತ್ತು ಎಷ್ಟೋ ವರ್ಷವಾದರೂ ಅದು ಬಿಡಲಿಲ್ಲ.

ಅದನ್ನು ಹೊತ್ತುಕೊಂಡೇ ಮದುವೆಯೂ ಆದ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಸಂಜೆ ಇವನು ಬಂದಾಗ ತುಟಿಗಳ ನಡುವೆ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಯಾರದೋ ಬಟ್ಟೆಯ ಅಂಚು ಮಡಿಸುತ್ತ ತಲೆಯೆತ್ತಿ ನೋಡುವಳು. ಅವಳಿಗೆ ಸಿಟ್ಟು ಬಂದಿದೆ ಎಂದುಕೊಂಡು ಇವನು ತುಟಿಪಿಟಕ್ಕೆನ್ನದೆ ಕೈಕಾಲು ತೊಳೆದು, ತಾನೇ ಬಡಿಸಿಕೊಂಡು ಉಂಡು, ಒಳಕೋಣೆಗೆ ಹೋಗಿ ಗೋಡೆ ಕಡೆ ತಿರುಗಿ ಮಲಗುವನು. ಎಂಟು ವರ್ಷ ಇದೇ ಪಾಡು. ಬಾಯಿಬಿಟ್ಟು ಒಂದು ಮಾತು ಕೇಳೋಣ ಎಂದು ಆ ಪುಣ್ಯಾತ್ಮನಿಗೆ ಒಂದು ದಿನವೂ ಅನಿಸಲಿಲ್ಲ.

ಕಡೆಗೊಂದು ಬೆಳಿಗ್ಗೆ ಅವಳು ಹೊಲಿಗೆ ಮಿಷನ್ನನ್ನು ಗಾಡಿಗೆ ಹಾಕಿಸಿದಳು. "ಅಕ್ಕನ ಮನೇಲಿ ಸ್ವಲ್ಪ ದಿನ ಇರ್ತೀನಿ. ಅಲ್ಲಾದ್ರೆ ಮಾತಾಡೋಕೆ ಜನ ಇದಾರೆ" ಎಂದು ಹೊರಟಳು. ಮಿಷನ್ ಸಮೇತ ಹೋದವಳು ಸ್ವಲ್ಪ ದಿನಕ್ಕೆ ಹೋದವಳಲ್ಲ ಎಂಬುದು ಅವನಿಗೂ ಗೊತ್ತಿತ್ತು. ಅವಳು ಬೇಕಿತ್ತು. ಆದರೂ ಮೂರು ವಾರ ಕಳೆದರೂ ಫೋನ್ ಮಾಡಲಿಲ್ಲ. ಸಿಟ್ಟಿನಲ್ಲಿರುವವರ ಎದುರು ಅಲುಗಾಡದೆ ಇರಬೇಕು ಎಂಬುದೊಂದೇ ಅವನಿಗೆ ಬರುತ್ತಿದ್ದ ವಿದ್ಯೆ.

ಆ ದಿನಗಳಲ್ಲೇ ಅಂಗಡಿಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಬಂದಳು. ಕಂದು ಫ್ರೇಮ್ ಹಾಕಿಕೊಂಡು ಕನ್ನಡಿ ನೋಡುತ್ತಿದ್ದಳು. ಇವನು ಎತ್ತಿಯೇಬಿಟ್ಟ.

"ನಂಗೆ ಇಷ್ಟ ಆಗಿತ್ತಲ್ಲ, ಯಾಕೆ ತೆಗೆದ್ರಿ?"

"ಮುಖ ನೋಡಿದ್ರೆ ಗೊತ್ತಾಗಲ್ವಾ ಮೇಡಂ? ಸಿಟ್ಟು ಬಂದಿತ್ತು ನಿಮಗೆ."

ಅವಳು ನಗಲಿಲ್ಲ. ತಾನು ದೊಡ್ಡಾಸ್ಪತ್ರೆಯ ಮಿದುಳಿನ ವಿಭಾಗದಲ್ಲಿದ್ದೇನೆ, ಮುಖ ನೋಡಿದಾಗ ಮಿದುಳಿನಲ್ಲಿ ಏನಾಗುತ್ತದೆಂದು ಪರೀಕ್ಷೆ ಮಾಡುತ್ತಿದ್ದೇವೆ, ರಜೆಯ ದಿನ ಒಂದು ಗಂಟೆ ಬರುತ್ತೀರಾ ಎಂದು ಕೇಳಿದಳು. ಖಾಲಿ ಮನೆಯಲ್ಲಿ ಕೂತು ಮಾಡುವುದೇನೆಂದು ಇವನು ಹೋದ.

ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ತಲೆ ಅಲುಗದಂತೆ ಬಿಗಿದರು. ಕಣ್ಣೆದುರಿನ ಪರದೆಯ ಮೇಲೆ ಒಂದೊಂದೇ ಮುಖ ಬಂದು ಮಾಯವಾಗುತ್ತಿತ್ತು. ಕೈಯಲ್ಲಿ ಮೂರು ಗುಂಡಿ: ಸಂತೋಷ, ಸಿಟ್ಟು, ಏನೂ ಇಲ್ಲ. ದಿನವಿಡೀ ಮುಖ ನೋಡುವವನಿಗೆ ಇದೇನು ಮಹಾ? ಪಟಪಟನೆ ಒತ್ತಿ ಎದ್ದು ಬಂದ.

ಮುಂದಿನ ರಜೆಗೆ ಡಾಕ್ಟರಮ್ಮ ಮತ್ತೆ ಕರೆಸಿ, ಹನ್ನೆರಡು ಪಟ ಮೇಜಿನ ಮೇಲಿಟ್ಟಳು.

"ಇದರಲ್ಲಿ ಹನ್ನೊಂದಕ್ಕೆ ಸಿಟ್ಟು ಅಂತ ಒತ್ತಿದೀರಿ."

"ಸಿಟ್ಟೇ ಅಲ್ವಾ ಮತ್ತೆ?"

"ಇವರಿಗೆ ಏನೂ ಆಗಿಲ್ಲ. ಸುಮ್ನೆ ಕ್ಯಾಮೆರಾ ನೋಡ್ತಾ ಕೂತಿದಾರೆ ಅಷ್ಟೆ. ಮಿದುಳಿನ ಒಳಗೆ, ಹೆಚ್ಚುಕಡಿಮೆ ಕಿವಿ ನೇರಕ್ಕೆ, ಬಾದಾಮಿ ಗಾತ್ರದ ಒಂದು ಭಾಗ ಇದೆ. ಎದುರಿನವರ ಮುಖ ಕಂಡ ತಕ್ಷಣ, ನಾವು ಯೋಚನೆ ಮಾಡೋಕೂ ಮೊದಲೇ ಅದು ಎಚ್ಚರ ಆಗುತ್ತೆ. ನಿಮ್ದು ಏನೂ ಇಲ್ಲದ ಮುಖ ಕಂಡ್ರೇನೇ ಜಾಸ್ತಿ ಎಚ್ಚರ ಆಗ್ತಿದೆ. ಹೊಡೆತ ತಿಂದು ಬೆಳೆದವರಲ್ಲಿ ಹೀಗಾಗೋದುಂಟು."

ಅವನು ಪಟಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಈಗಲೂ ಹನ್ನೊಂದು ಜನ ಅವನ ಮೇಲೆ ಸಿಟ್ಟಾಗಿದ್ದರು.

"ಇದಕ್ಕೇನು ಮಾಡೋದು?"

"ಒಂದೇ ದಿನಕ್ಕೆ ಹೋಗೋದಲ್ಲ. ಅಲ್ಲೀವರೆಗೆ ಗೊತ್ತಾಗದಿದ್ರೆ ಕೇಳಿ. ಬಾಯಿಬಿಟ್ಟು ಕೇಳಿ."

ಬಸ್ಸಿನಲ್ಲಿ ಕೂತಾಗ ಅಳು ಬರಬಹುದೇನೋ ಎಂದು ಕಾದ. ಬರಲಿಲ್ಲ. ಇಳಿಯುವ ನಿಲ್ದಾಣ ಬಂತು, ಇಳಿದ.

ಬಾಗಿಲು ತೆಗೆದದ್ದು ಹೆಂಡತಿಯ ಅಕ್ಕ. "ಅಂತೂ ದಾರಿ ನೆನಪಾಯ್ತಾ ಮಹಾರಾಯರಿಗೆ?" ಎಂದು ಒಳಗೆ ಬಿಟ್ಟು, ತಾನು ಹಿತ್ತಲಿಗೆ ಹೋದಳು. ಹೆಂಡತಿ ನೆಲದ ಮೇಲೆ ಬಟ್ಟೆ ಹರಡಿಕೊಂಡು ಕತ್ತರಿಸುತ್ತಿದ್ದವಳು ತಲೆಯೆತ್ತಿದಳು. ಅದೇ ಮುಖ. ಅವನ ಕಾಲುಗಳು ತಾವಾಗಿಯೇ ಬಾಗಿಲ ಕಡೆ ತಿರುಗುತ್ತಿದ್ದವು. ಗಟ್ಟಿಯಾಗಿ ನಿಂತ.

"ಒಂದು ಕೇಳ್ತೀನಿ. ನನ್ನ ಮೇಲೆ ಸಿಟ್ಟಿದೆಯಾ ನಿಂಗೆ?"

ಅವಳು ಕತ್ತರಿ ಕೆಳಗಿಟ್ಟಳು.

"ಯಾವಾಗಿನ ಮಾತು ಕೇಳ್ತಿದೀರಿ?"

"ಮೊದಲಿಂದ. ದಿನಾ ಸಂಜೆ, ನಾನು ಮನೆಗೆ ಬಂದಾಗ."

"ಕೆಲಸ ಮಾಡ್ತಾ ಇರ್ತಿದ್ನಲ್ರೀ. ಸಿಟ್ಟು ಯಾಕೆ ಬರುತ್ತೆ? ನೀವು ಬಂದ್ರಿ ಅಂತ ನೋಡ್ತಿದ್ದೆ. ನೀವೇ ಒಳಗೆ ಹೋಗಿ ಮಲಗ್ತಿದ್ರಿ." ಅವಳ ದನಿ ಏರಿತು. "ಒಂದು ತಿಂಗಳಾಯ್ತು. ಇದ್ದಾಳಾ ಸತ್ತಳಾ ಅಂತ ಒಂದು ಫೋನ್ ಇಲ್ಲ. ಈಗ ಬಂದು ಸಿಟ್ಟಿದೆಯಾ ಅಂತೀರಿ. ಹೂಂ, ಇದೆ. ಈಗ ಇದೆ."

ಅವನು ನೋಡಿದ. ಹುಬ್ಬುಗಳು ಕೆಳಗಿಳಿದು ಒಂದಕ್ಕೊಂದು ಹತ್ತಿರ ಬಂದಿದ್ದವು. ಮೂಗಿನ ಹೊಳ್ಳೆ ಅರಳಿತ್ತು, ಗಲ್ಲ ನಡುಗುತ್ತಿತ್ತು. ಅವಳ ಈ ಮುಖವನ್ನು ಎಂಟು ವರ್ಷದಲ್ಲಿ ಅವನು ಒಮ್ಮೆಯೂ ನೋಡಿರಲಿಲ್ಲ.